ಗಲ್ಲಾದಾಗ ರೊಕ್ಕ ಐತಿ, ತಿಂಗಳ ಕೊನೆಗೆ ಕೈಯಾಗ ಇಲ್ಲ: ಸಣ್ಣ ವ್ಯಾಪಾರದ ಹಣ ಹಿಡಿತಕ್ಕೆ ತರುವ ಕ್ರಮ

ವಿಜಯಪುರದಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆದುಕೊಡುವುದು ನನ್ನ ಕೆಲಸ. ರೊಟ್ಟಿ ಕೇಂದ್ರ, ಕಿರಾಣಿ, ಖಾನಾವಳಿ, ಟೇಲರಿಂಗ್, ಸೀರೆ ಅಂಗಡಿ, ಎಲ್ಲ ಥರದವರೂ ಬರುತ್ತಾರೆ. ಬಂದವರು ಹೇಳುವ ಮಾತು ಮಾತ್ರ ಒಂದೇ: "ಧಂದೆ ಚಲೋ ಐತ್ರಿ, ಆದ್ರ ರೊಕ್ಕ ಉಳಿಯಂಗಿಲ್ಲ."

ಇವರಲ್ಲಿ ಬಹಳ ಜನ ಲೆಕ್ಕ ಇಡಲು ಎರಡು ಮೂರು ಸಲ ಶುರು ಮಾಡಿ ಬಿಟ್ಟವರು. ಸೋಮಾರಿತನ ಇದಕ್ಕೆ ಕಾರಣ ಅಲ್ಲ. ಹಿಡಿದ ಕ್ರಮ ತಪ್ಪು. ಒಬ್ಬರು ಮೊದಲು ಮೊಬೈಲ್ ಆ್ಯಪ್ ಹಾಕಿಕೊಳ್ಳುತ್ತಾರೆ. ಇನ್ನೊಬ್ಬರು ಮೊದಲು ಸಾಲಕ್ಕೆ ಓಡುತ್ತಾರೆ. ಮತ್ತೊಬ್ಬರು ವ್ಯಾಪಾರ ಹೆಚ್ಚಲಿ ಅಂತ ಮೊದಲು ದರ ಇಳಿಸುತ್ತಾರೆ. ಅಸಲು ಎಷ್ಟು ಅಂತ ಗೊತ್ತಿಲ್ಲದೆ ದರ ಇಳಿಸಿದರೆ, ಹೆಚ್ಚು ಮಾರಿದಷ್ಟೂ ಹೆಚ್ಚು ಲುಕ್ಸಾನು. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಎರಡನೇ ಹಂತ ಒಂದು ತಿಂಗಳು ನಡೆಯದೆ ಮೂರಕ್ಕೆ ಹೋಗಬೇಡಿ. ಹೋದರೂ ನಿಮ್ಮ ಹತ್ತಿರ ಲೆಕ್ಕ ಹಾಕಲು ಅಂಕಿಗಳೇ ಇರುವುದಿಲ್ಲ.

ಉದಾಹರಣೆಗಳಲ್ಲಿ ಕೊಟ್ಟ ದರಗಳು ವಿಧಾನ ತೋರಿಸಲು ಹಿಡಿದವು. ಆ ಜಾಗದಲ್ಲಿ ನಿಮ್ಮ ಅಂಗಡಿಯ ಅಂಕಿ ಹಾಕಿಕೊಳ್ಳಿ.

## ಮೊದಲು ಇಷ್ಟು ಕೈಯಲ್ಲಿರಲಿ

200 ಪುಟದ ಎರಡು ನೋಟ್‌ಬುಕ್. ಒಂದು ಕೀರ್ದಿಗೆ (ದಿನದ ಜಮಾ-ಖರ್ಚಿನ ಲೆಕ್ಕ), ಒಂದು ಉದ್ರಿಗೆ (ಸಾಲದ ಮೇಲೆ ಕೊಟ್ಟ ಮಾಲಿನ ಲೆಕ್ಕ). ಒಂದು ಕ್ಯಾಲ್ಕ್ಯುಲೇಟರ್. ಬಿಲ್‌ಗಳನ್ನು ಸಿಕ್ಕಿಸಲು ಒಂದು ತಂತಿ ಅಥವಾ ಫೈಲು. ಅಂಗಡಿಗೆಂದೇ ಒಂದು ಬ್ಯಾಂಕ್ ಖಾತೆ. ರಾತ್ರಿ ಬಾಗಿಲು ಹಾಕುವ ಮುಂಚೆ 15 ನಿಮಿಷ.

ಆ್ಯಪ್ ಬೇಡ ಅಂತಲ್ಲ. ಮೂರು ತಿಂಗಳು ಕೈಯಲ್ಲಿ ಬರೆದ ಮೇಲೆ ಹಾಕಿಕೊಳ್ಳಿ. ಬರೆಯುವ ಅಭ್ಯಾಸ ಇಲ್ಲದವರ ಆ್ಯಪ್ ಹತ್ತನೇ ದಿನಕ್ಕೇ ನಿಲ್ಲುವುದನ್ನು ನಾನು ಬಹಳ ಸಲ ನೋಡಿದ್ದೇನೆ.

## ಹಂತ 1: ಮನೆಯ ರೊಕ್ಕ, ಅಂಗಡಿಯ ರೊಕ್ಕ ಬೇರೆ ಮಾಡಿ

ಮಗಳ ಟ್ಯೂಷನ್ ಫೀಸಿಗೆ ಗಲ್ಲಾದಿಂದ 500. ಬೀಗರು ಬಂದರೆಂದು 800. ಪೆಟ್ರೋಲಿಗೆ 200. ಇವು ತಪ್ಪು ಖರ್ಚಲ್ಲ. ಆದರೆ ಬರೆಯದೆ ಹೋದ ರೊಕ್ಕ ಇದು. ತಿಂಗಳ ಕೊನೆಗೆ ಅಂಗಡಿ ಲುಕ್ಸಾನಿನಲ್ಲಿದೆಯೋ, ಮನೆ ಖರ್ಚು ಜಾಸ್ತಿಯಾಗಿದೆಯೋ ಗೊತ್ತೇ ಆಗುವುದಿಲ್ಲ. ಎರಡಕ್ಕೂ ಮದ್ದು ಬೇರೆ ಬೇರೆ, ಅಲ್ವಾ?

ಮೊದಲು ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ಮಾಡಿ. ಕರೆಂಟ್ ಖಾತೆ ಆದರೆ ಒಳ್ಳೆಯದು. ಕನಿಷ್ಠ ಎಷ್ಟು ಹಣ ಇರಬೇಕು, ಕಡಿಮೆಯಾದರೆ ಎಷ್ಟು ದಂಡ ಅಂತ ತೆರೆಯುವಾಗಲೇ ಕೇಳಿಕೊಳ್ಳಿ. ನಂತರ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ನೋಡಿ. ಅದು ಮಗನ ಖಾತೆಗೋ, ಮನೆಯವರ ಖಾತೆಗೋ ಹೋಗುತ್ತಿದ್ದರೆ ಇವತ್ತೇ ಬದಲಿಸಿ.

ಆಮೇಲೆ ನಿಮಗೆ ನೀವೇ ಪಗಾರ ಗೊತ್ತು ಮಾಡಿ. ನೀವು ಮಾಡುವ ಕೆಲಸಕ್ಕೆ ಬೇರೊಬ್ಬರನ್ನು ಇಟ್ಟರೆ ಎಷ್ಟು ಕೊಡಬೇಕಾಗುತ್ತಿತ್ತೋ ಅಷ್ಟು. ಗಂಡ ಹೆಂಡತಿ ಇಬ್ಬರೂ ದುಡಿದರೆ ಎರಡು ಪಗಾರ. ವಾರಕ್ಕೊಮ್ಮೆ ಒಂದೇ ದಿನ ತೆಗೆದುಕೊಳ್ಳಿ. ಮನೆಯ ಎಲ್ಲ ಖರ್ಚೂ ಅದರಲ್ಲೇ ಆಗಬೇಕು. ಮೊದಲ ತಿಂಗಳು ಸಾಲುವುದಿಲ್ಲ. ಗಲ್ಲಾಕ್ಕೆ ಕೈ ಹಾಕಲೇಬೇಕಾದರೆ ಹಾಕಿ, ಆದರೆ "ಮನೆಗೆ" ಅಂತ ಬರೆದು ಹಾಕಿ.

ಕಿರಾಣಿಯವರು ಬೀಳುವ ಒಂದು ಗುಂಡಿ ಇದೆ. ಅಂಗಡಿಯ ಸಕ್ಕರೆ, ಎಣ್ಣೆ, ಬೇಳೆ ಸುಮ್ನೆ ಮನೆಗೆ ಹೋಗುತ್ತದೆ. ಅದನ್ನೂ ಖರೀದಿ ದರದಲ್ಲಿ ಮನೆ ಲೆಕ್ಕಕ್ಕೆ ಬರೆಯಿರಿ.

## ಹಂತ 2: ದಿನಾ ಕೀರ್ದಿ ಬರೆಯಿರಿ, ರೊಕ್ಕ ಎಣಿಸಿ

ಹಳೆಯ ಪೇಟೆಯವರು ಬರೆಯುತ್ತಿದ್ದ ಕೀರ್ದಿಯೇ ಸಾಕು. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಬೆಳಗಿನ ಶಿಲ್ಕಿಗೆ (ಕೈಯಲ್ಲಿದ್ದ ರೊಕ್ಕಕ್ಕೆ) ಬಂದದ್ದನ್ನು ಕೂಡಿಸಿ, ಹೋದದ್ದನ್ನು ಕಳೆದರೆ ಸಂಜೆಯ ಶಿಲ್ಕು.

ಒಂದು ದಿನದ ಲೆಕ್ಕ ನೋಡಿ. ಬೆಳಗಿನ ಶಿಲ್ಕು 2,000. ನಗದು ಮಾರಾಟ 6,400. ಉದ್ರಿ ವಸೂಲಿ 700. ಒಟ್ಟು 9,100. ಹೋದದ್ದು: ಮಾಲಿಗೆ 3,200, ಹಮಾಲಿ 80, ಚಹಾ 60, ಪಿಗ್ಮಿ (ದಿನಾ ಕಟ್ಟುವ ಉಳಿತಾಯ) 200, ಮನೆಗೆ 300. ಒಟ್ಟು 3,840. ಗಲ್ಲಾದಲ್ಲಿ 5,260 ಇರಬೇಕು. ಎಣಿಸಿದರೆ 5,110 ಬಂತು. 150 ಕಡಿಮೆ.

ಇಲ್ಲೇ ಬಹಳ ಜನ ತಪ್ಪುತ್ತಾರೆ. ಚಹಾದ ಖರ್ಚು 210 ಅಂತ ತಿದ್ದಿ ಲೆಕ್ಕ ಕೂಡಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. "ಕೂಡಿಬರಲಿಲ್ಲ: 150" ಅಂತಲೇ ಬರೆದು ಬಿಡಿ. ದಿನಾ 150 ಹೋದರೆ 25 ದಿನಕ್ಕೆ 3,750. ಆ ಸಾಲು ಪದೇ ಪದೇ ಕಾಣಿಸಿದಾಗಲೇ ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಮನಸ್ಸು ಬರುತ್ತದೆ.

ಚಹಾ ಅಂಗಡಿ, ಕಿರಾಣಿಯಲ್ಲಿ ಪ್ರತಿ ಗಿರಾಕಿಯ ಹಣ ಬರೆಯಲು ಆಗುವುದಿಲ್ಲ. ಅಲ್ಲಿ ಉಲ್ಟಾ ಲೆಕ್ಕ ಹಾಕಿ. ಸಂಜೆ ಎಣಿಸಿದ ರೊಕ್ಕಕ್ಕೆ ಇಡೀ ದಿನ ಹೋದದ್ದನ್ನು ಕೂಡಿಸಿ. ಅದರಲ್ಲಿ ಬೆಳಗಿನ ಶಿಲ್ಕು, ಉದ್ರಿ ವಸೂಲಿ ಕಳೆಯಿರಿ. ಉಳಿದದ್ದು ಮಾರಾಟ. ಈ ರೀತಿಯಲ್ಲಿ ಒಂದು ಕೊರತೆ ಇದೆ: ಗಲ್ಲಾದಿಂದ ಯಾರಾದರೂ ತೆಗೆದರೂ ಗೊತ್ತಾಗುವುದಿಲ್ಲ, ಮಾರಾಟವೇ ಕಡಿಮೆ ಕಾಣುತ್ತದೆ. ಕೆಲಸಕ್ಕೆ ಹುಡುಗರಿದ್ದ ಅಂಗಡಿಯಾದರೆ ಚೀಟಿ ಹರಿದು ಕೊಡುವುದೇ ಒಳ್ಳೆಯದು.

ಫೋನ್‌ಪೇ, ಗೂಗಲ್ ಪೇ ಹಣಕ್ಕೆ ಬೇರೆ ಸಾಲು ಇರಲಿ. ಸ್ಪೀಕರ್ ಕೂಗಿದ್ದನ್ನು ನಂಬಿ ಕೂಡಬೇಡಿ. ರಾತ್ರಿ ಖಾತೆಗೆ ಬಂದದ್ದನ್ನು ನೋಡಿ ಬರೆಯಿರಿ.

## ಹಂತ 3: ನಿಜವಾದ ಅಸಲು ತೆಗೆಯಿರಿ

ಒಂದು ತಿಂಗಳ ಕೀರ್ದಿ ಆಯಿತು ಅಂದುಕೊಳ್ಳಿ. ಈಗ ಒಂದು ವಸ್ತು ತಯಾರಾಗಲು ನಿಜಕ್ಕೂ ಎಷ್ಟು ಖರ್ಚು ಅಂತ ತೆಗೆಯಬೇಕು. ಇದು ಎಲ್ಲಕ್ಕಿಂತ ದೊಡ್ಡ ಹಂತ. ನಮ್ಮ ಕಡೆ ಮನೆ ಮನೆಯಲ್ಲಿ ನಡೆಯುವ ಕಡಕ್ ರೊಟ್ಟಿ ವ್ಯಾಪಾರವನ್ನೇ ಹಿಡಿಯೋಣ.

ಒಬ್ಬ ಅಕ್ಕಾರು ದಿನಕ್ಕೆ 30 ಕಿಲೋ ಜೋಳದಲ್ಲಿ 480 ರೊಟ್ಟಿ ಮಾಡಿಸುತ್ತಾರೆ. ಒಂದಕ್ಕೆ 7 ರೂಪಾಯಿಯಂತೆ ಖಾನಾವಳಿಗಳಿಗೆ ಕೊಡುತ್ತಾರೆ. ಅವರ ಮನಸ್ಸಿನ ಲೆಕ್ಕ ಹೀಗೆ: "ಜೋಳ 3 ರೂಪಾಯಿ ಚಿಲ್ಲರೆ, ಬಡಿಯೋರಿಗೆ ಒಂದೂವರೆ. ಎರಡು ರೂಪಾಯಿ ಮ್ಯಾಲ ಉಳೀತೈತಿ."

ಈಗ ಕಾಗದದ ಮೇಲೆ ಹಾಕೋಣ. ಒಂದು ದಿನಕ್ಕೆ:

ಜೋಳ 30 ಕಿಲೋ, 50 ರೂಪಾಯಿಯಂತೆ: 1,500
ಗಿರಣಿ: 150
ಗ್ಯಾಸ್: 300
ರೊಟ್ಟಿ ಬಡಿಯುವ ಕೂಲಿ, 480 ರೊಟ್ಟಿಗೆ ಒಂದೂವರೆಯಂತೆ: 720
ಪ್ಯಾಕಿಂಗ್, 46 ಕವರ್, 3 ರೂಪಾಯಿಯಂತೆ: 138
ಒಟ್ಟು: 2,808

480ರಲ್ಲಿ 24 ರೊಟ್ಟಿ ಒಡೆಯುತ್ತವೆ. ಮಾರಲು ಉಳಿಯುವುದು 456. ಹಾಗಾದರೆ ಒಂದು ರೊಟ್ಟಿಯ ಅಸಲು 2,808 ಭಾಗಿಸು 456, ಅಂದರೆ 6 ರೂಪಾಯಿ 16 ಪೈಸೆ. ಏಳಕ್ಕೆ ಮಾರಿದರೆ ಉಳಿಯುವುದು 84 ಪೈಸೆ. ಎರಡು ರೂಪಾಯಿ ಎಲ್ಲಿ, 84 ಪೈಸೆ ಎಲ್ಲಿ!

ಮುಗಿಯಲಿಲ್ಲ. ರೊಟ್ಟಿ ಮಾಡಿದರೂ ಮಾಡದಿದ್ದರೂ ತಿಂಗಳಿಗೆ ಕೊಡಲೇಬೇಕಾದ ಖರ್ಚುಗಳಿವೆ. ಬಾಡಿಗೆ 4,000. ಕರೆಂಟ್ 600. ಫೋನ್ 300. ಗಾಡಿ ಪೆಟ್ರೋಲ್ 2,500. ಸಾಲದ ಬಡ್ಡಿ 1,600. ರೊಟ್ಟಿ ಬೇಯಿಸುವ ಹಂಚು, ಒಲೆ, ಗಾಡಿಯ ಸವಕಳಿ 800. ಒಟ್ಟು 9,800.

25 ದಿನಕ್ಕೆ 11,400 ರೊಟ್ಟಿ. ಏಳು ರೂಪಾಯಿಯಂತೆ 79,800 ಬಂತು. ದಿನದ ಖರ್ಚು 25 ದಿನಕ್ಕೆ 70,200. ಉಳಿದದ್ದು 9,600. ಅದರಲ್ಲಿ 9,800 ಕಳೆದರೆ 200 ರೂಪಾಯಿ ಲುಕ್ಸಾನು. ಆ ಅಕ್ಕಾರು ಬೆಳಗ್ಗೆ ಐದಕ್ಕೆ ಎದ್ದು ದುಡಿದದ್ದಕ್ಕೆ ಒಂದು ಪೈಸೆಯೂ ಇದರಲ್ಲಿ ಹಿಡಿದಿಲ್ಲ. ಆದರೂ ಕೈಯಲ್ಲಿ ದಿನಾ ಮೂರು ಸಾವಿರದ ಮೇಲೆ ಓಡಾಡುತ್ತದೆ. ಅದಕ್ಕೇ ಧಂದೆ ಚಲೋ ಅನಿಸುವುದು.

ಅಸಲು ತೆಗೆಯುವಾಗ ಜನ ಸಾಮಾನ್ಯವಾಗಿ ಬಿಟ್ಟುಬಿಡುವ ಖರ್ಚು: ಒಡೆದ, ಕೆಟ್ಟ, ತಿರುಗಿ ಬಂದ ಮಾಲು. ಗಾಡಿಯ ಪೆಟ್ರೋಲ್. ಮನೆಯವರ ದುಡಿಮೆ. ಸ್ವಂತ ಜಾಗವಾದರೆ ಅದರ ಬಾಡಿಗೆ. ಸ್ವಂತ ಕಟ್ಟಡ ಅಂತ ಬಾಡಿಗೆ ಹಿಡಿಯದೆ ಬಿಡಬೇಡಿ. ಬೇರೆಯವರಿಗೆ ಕೊಟ್ಟಿದ್ದರೆ ತಿಂಗಳಿಗೆ ಬರುತ್ತಿದ್ದ ಹಣವನ್ನು ನಿಮ್ಮ ಅಂಗಡಿ ತಿನ್ನುತ್ತಿದೆ.

ಎಚ್ಚರ: ಜೋಳ, ಶೇಂಗಾ, ಎಣ್ಣೆಯ ದರ ಏರಿಳಿಯುತ್ತಲೇ ಇರುತ್ತದೆ. ವರ್ಷಕ್ಕೊಮ್ಮೆ ಅಸಲು ತೆಗೆದರೆ ಸಾಲದು. ಮುಖ್ಯ ಮಾಲಿನ ದರ ನೂರಕ್ಕೆ 5 ಬದಲಾದಾಗಲೆಲ್ಲ ಮತ್ತೆ ತೆಗೆಯಿರಿ.

## ಹಂತ 4: ದರ ಹಾಕಿ

ಅದೇ ಅಕ್ಕಾರಿಗೆ ತಿಂಗಳಿಗೆ 12,000 ಪಗಾರ ಹಿಡಿಯೋಣ. ತಿಂಗಳ ಖರ್ಚು 9,800 ಇದ್ದದ್ದು 21,800 ಆಯಿತು. ಎಂಟು ರೂಪಾಯಿಗೆ ಮಾರಿದರೆ ದಿನದ ಖರ್ಚು ಕಳೆದು 21,000 ಉಳಿಯುತ್ತದೆ. ಇನ್ನೂ 800 ಕಡಿಮೆ. ಎಂಟೂವರೆ ಮಾಡಿದರೆ 26,700. ಪಗಾರವೂ ಬಂತು, 4,900 ಲಾಭವೂ ಬಂತು.

ದರ ಏರಿಸುವ ಬದಲು ಹೆಚ್ಚು ಮಾರಿದರೆ ಆಗದೇ? ಅದನ್ನೂ ನೋಡಿ. ಏಳು ರೂಪಾಯಿಯಲ್ಲೇ 21,800 ದುಡಿಯಬೇಕಾದರೆ ದಿನಕ್ಕೆ ಸುಮಾರು 1,040 ರೊಟ್ಟಿ ಮಾರಬೇಕು. ಎಂಟೂವರೆಗೆ ಮಾರಿದರೆ ಸುಮಾರು 375 ಸಾಕು. ನೂರು ಗಿರಾಕಿಯಲ್ಲಿ ಹದಿನೈದು ಜನ ಬಿಟ್ಟು ಹೋದರೂ ಲುಕ್ಸಾನಿಲ್ಲ. ದರ ಏರಿಸಲು ಹೆದರುವವರಿಗೆ ನಾನು ಈ ಲೆಕ್ಕವನ್ನೇ ಕೂತು ಮಾಡಿಸುತ್ತೇನೆ.

ಏರಿಸುವ ಮೊದಲು ಸೋರಿಕೆ ನೋಡಿ. ಒಡೆಯುವ ರೊಟ್ಟಿ 24ರಿಂದ 10ಕ್ಕೆ ಇಳಿದರೆ ದಿನಕ್ಕೆ 14 ಉಳಿಯಿತು. ಏಳು ರೂಪಾಯಿಯಂತೆಯೇ ತಿಂಗಳಿಗೆ 2,450. ಒಂದು ಗಟ್ಟಿ ಡಬ್ಬಿ, ಚೆನ್ನಾಗಿ ಒಣಗಿಸಿ ಜೋಡಿಸುವುದು, ಇಷ್ಟೇ ಬೇಕಾದದ್ದು.

ಏರಿಸುವಾಗ ಒಮ್ಮೆಲೇ ಎಲ್ಲರಿಗೂ ಏರಿಸಬೇಡಿ. ಹೊಸ ಗಿರಾಕಿಗೆ ಮೊದಲ ದಿನದಿಂದಲೇ ಹೊಸ ದರ. ಹಳೆಯವರಿಗೆ ಹದಿನೈದು ದಿನ ಮುಂಚೆ ಹೇಳಿ. "ಜೋಳದ ದರ ಏರೈತ್ರಿ ಕಾಕಾ, ಒಂದನೇ ತಾರೀಖಿನಿಂದ ಎಂಟೂವರೆ ಆಗ್ತೈತಿ" ಅಂದರೆ ಸಾಕು. ಕ್ಷಮೆ ಕೇಳುವ ಅಗತ್ಯ ಇಲ್ಲ.

ಕೊಂಡು ಮಾರುವವರು ಒಂದು ಮಾತು ಗಮನಿಸಿ. 1,000ಕ್ಕೆ ಸೀರೆ ತಂದು 1,200 ಹೇಳುತ್ತೀರಿ. ಗಿರಾಕಿ ನೂರಕ್ಕೆ ಹತ್ತು ಬಿಡಿ ಅಂತ ಹಟ ಹಿಡಿಯುತ್ತಾರೆ. ಬಿಟ್ಟರೆ 1,080. ಲಾಭ 200 ಇದ್ದದ್ದು 80 ಆಯಿತು. ನೀವು ಬಿಟ್ಟದ್ದು ದರದಲ್ಲಿ ನೂರಕ್ಕೆ ಹತ್ತು, ಆದರೆ ಲಾಭದಲ್ಲಿ ನೂರಕ್ಕೆ ಅರವತ್ತು ಹೋಯಿತು. ಮೊದಲಿನಷ್ಟೇ ದುಡಿಯಲು ಎರಡೂವರೆ ಪಟ್ಟು ಸೀರೆ ಮಾರಬೇಕು. ಚೌಕಾಶಿ ನಮ್ಮ ಪೇಟೆಯಲ್ಲಿ ಇದ್ದದ್ದೇ. ಅದಕ್ಕೆ ಎಷ್ಟು ಬಿಡಬಹುದು ಅಂತ ಪ್ರತಿ ಸೀರೆಯ ಚೀಟಿಯ ಹಿಂದೆ ಕಡೆಯ ದರವನ್ನು ಗುರುತಿನ ಅಕ್ಷರದಲ್ಲಿ ಬರೆದಿಡಿ. ಗಿರಾಕಿ ಎದುರಿಗೆ ಲೆಕ್ಕ ಹಾಕಲು ಹೋಗಬೇಡಿ.

## ಹಂತ 5: ಉದ್ರಿಗೆ ಕಟ್ಟು ಹಾಕಿ

ನಮ್ಮ ತಂದೆಯವರದ್ದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇತ್ತು. ಅದನ್ನು ಮುಚ್ಚಿದ ದಿನ ಉದ್ರಿ ಪುಸ್ತಕದಲ್ಲಿ 1,86,000 ರೂಪಾಯಿ ಬಾಕಿ ಇತ್ತು. ಅಂಗಡಿಯಲ್ಲಿ ಮಾಲು ತುಂಬಲು 40,000 ಇರಲಿಲ್ಲ. ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಹೆಸರು ನೋಡಿದರೆ ಒಬ್ಬರೂ ಕೆಟ್ಟವರಲ್ಲ. ಕೊಡುವ ತಾರೀಖನ್ನು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ, ಅಷ್ಟೇ.

ನಮ್ಮ ಭಾಗದಲ್ಲಿ ಉದ್ರಿಯನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ರೈತರ ಕೈಗೆ ವರ್ಷಕ್ಕೆ ಒಂದೆರಡು ಸಲ ಮಾತ್ರ ದೊಡ್ಡ ಹಣ ಬರುತ್ತದೆ. "ಕಬ್ಬಿನ ಬಿಲ್ ಬಂದ ಮ್ಯಾಗ ಕೊಡ್ತೀನ್ರಿ" ಅನ್ನುವ ಮಾತು ಸುಳ್ಳಲ್ಲ. ಆದರೆ ಬಿಲ್ಲು ತಡವಾದರೆ ನಿಮ್ಮ ವಸೂಲಿಯೂ ತಡ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು ಕಾನೂನಿದೆ. ಆದರೂ ಅದನ್ನು ನಂಬಿ ನಿಮ್ಮ ಹೋಲ್‌ಸೇಲ್‌ನವರಿಗೆ ತಾರೀಖು ಕೊಡಬೇಡಿ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬಿನ ದರಕ್ಕಾಗಿ ರೈತರು ಹೋರಾಟಕ್ಕೆ ಕೂತದ್ದು ನೆನಪಿರಬೇಕು. ಕಾರ್ಖಾನೆ ಶುರುವಾಗುವುದು ಹಿಂದೆ ಬಿದ್ದರೆ ಅದರ ಬಿಸಿ ಊರಿನ ಅಂಗಡಿಯವರೆಗೂ ಬರುತ್ತದೆ.

ಉದ್ರಿ ಮುಳುಗಿದರೆ ಎಷ್ಟು ಪೆಟ್ಟು? ನೂರಕ್ಕೆ ಹತ್ತು ಉಳಿಯುವ ಕಿರಾಣಿಯಲ್ಲಿ 1,000 ಮುಳುಗಿತು ಅನ್ನಿ. ಅದರಲ್ಲಿ ಮಾಲಿನ 900 ನಿಮ್ಮ ಕೈಯಿಂದ ಹೋಯಿತು. ಆ 900 ಮತ್ತೆ ದುಡಿಯಲು 9,000 ರೂಪಾಯಿಯ ವ್ಯಾಪಾರ ಬೇಕು.

ಮಾಡಬೇಕಾದದ್ದು ಇಷ್ಟು. ಒಬ್ಬೊಬ್ಬರಿಗೆ ಒಂದು ಪುಟ. ಹೆಸರು, ಊರು, ಫೋನ್, ತಾರೀಖು, ಮೊತ್ತ, ಕೊಡುತ್ತೇನೆಂದ ದಿನ. ಪ್ರತಿ ಸಲ ಅವರ ಸಹಿ ಅಥವಾ ವಾಟ್ಸಾಪ್‌ನಲ್ಲಿ ಒಂದು "ಹೌದು". ಪ್ರತಿಯೊಬ್ಬರಿಗೂ ಮಿತಿ ಇರಲಿ. ಮಿತಿ ಮುಟ್ಟಿದರೆ ಹಳೆಯದರಲ್ಲಿ ಅರ್ಧವಾದರೂ ಬರದೆ ಹೊಸದು ಕೊಡಬೇಡಿ. ಇಡೀ ಅಂಗಡಿಗೂ ಒಂದು ಮಿತಿ: ಒಟ್ಟು ಉದ್ರಿ ನಿಮ್ಮ ಹದಿನೈದು ದಿನದ ಮಾರಾಟ ದಾಟಬಾರದು. ಇದು ನಾನು ಹಾಕಿಕೊಂಡ ಗೆರೆ. ನಿಮ್ಮ ಬಂಡವಾಳ ಕಡಿಮೆ ಇದ್ದರೆ ಇನ್ನೂ ಬಿಗಿ ಮಾಡಿ.

ವಾರಕ್ಕೆ ಒಂದು ದಿನ ವಸೂಲಿಗೆ ಇಡಿ. ತಾರೀಖಿನ ಹಿಂದಿನ ದಿನ ನೆನಪು ಮಾಡಿ. ದಾಟಿ ಎರಡು ತಿಂಗಳಾದ ಮೇಲೆ ಕೇಳಿದರೆ ಸಂಬಂಧವೂ ಕೆಡುತ್ತದೆ, ಹಣವೂ ಬರುವುದಿಲ್ಲ. ಮೂರು ತಿಂಗಳಿಂದ ಒಂದು ರೂಪಾಯಿಯೂ ಬರದ ಪುಟಕ್ಕೆ ಕೆಂಪು ಗುರುತು ಹಾಕಿ. ಅದನ್ನು ನಿಮ್ಮ ಆಸ್ತಿ ಅಂತ ಎಣಿಸುವುದನ್ನು ನಿಲ್ಲಿಸಿ, ವಸೂಲಿ ಮಾಡುವುದನ್ನು ಮಾತ್ರ ನಿಲ್ಲಿಸಬೇಡಿ.

ನೀವು ತಯಾರಕರಾಗಿ ದೊಡ್ಡ ಅಂಗಡಿಗೆ, ಕಂಪನಿಗೆ ಮಾಲು ಕೊಡುವವರಾದರೆ ನಿಮಗೆ ಕಾನೂನಿನ ಬಲ ಇದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲೆ) ಮಾಡಿಸಿ. ಸರ್ಕಾರದ ಜಾಲತಾಣದಲ್ಲಿ ಅದು ಪೂರ್ತಿ ಉಚಿತ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯ ಪ್ರಕಾರ ಬರಹದ ಕರಾರು ಇದ್ದರೂ ನಿಮಗೆ ಹಣ ಕೊಡಲು 45 ದಿನ ದಾಟುವಂತಿಲ್ಲ. ಕರಾರು ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಇದಕ್ಕೆಂದೇ ಇರುವ ಸರ್ಕಾರದ ಜಾಲತಾಣದಲ್ಲಿ ದೂರು ಕೊಡಬಹುದು. ರಬಕವಿ-ಬನಹಟ್ಟಿಯ ಸೀರೆ ತಯಾರಕರು, ಬೆಳಗಾವಿ ಉದ್ಯಮಬಾಗದ ಸಣ್ಣ ವರ್ಕ್‌ಶಾಪಿನವರು ಇದನ್ನು ಬಿಲ್ಲಿನ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿದರೂ ಎಷ್ಟೋ ಕೆಲಸ ಆಗುತ್ತದೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ, ನೆನಪಿರಲಿ.

## ಹಂತ 6: ಕಪಾಟಿನಲ್ಲಿ ಕೂತ ರೊಕ್ಕ ನೋಡಿ

ಮೂರು ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ ಬಾಗಿಲು ಹಾಕಿ ಮಾಲು ಎಣಿಸಿ. ಖರೀದಿ ದರದಲ್ಲಿ ಬೆಲೆ ಕಟ್ಟಿ. ಆರು ತಿಂಗಳಿಂದ ಕದಲದ ಮಾಲನ್ನು ಬೇರೆ ಇಡಿ.

ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುವವರ ಹತ್ತಿರ ಕೆಲವು ಬಣ್ಣ ಹಾಗೇ ಕೂತಿರುತ್ತವೆ. "ಇವತ್ತಿಲ್ಲ ನಾಳೆ ಹೋಗ್ತೈತಿ" ಅಂತ ಇಟ್ಟುಕೊಳ್ಳುತ್ತಾರೆ. ಅಸಲಿಗೇ ಕೊಟ್ಟುಬಿಡಿ. ಬಂದ ಹಣದಲ್ಲಿ ಓಡುವ ಬಣ್ಣ ತಂದರೆ ಅದು ವರ್ಷಕ್ಕೆ ನಾಲ್ಕು ಸಲ ತಿರುಗುತ್ತದೆ. ಹೋಲ್‌ಸೇಲ್‌ನವರು "ಹತ್ತು ಪೆಟ್ಟಿಗೆಗೆ ಒಂದು ಫ್ರೀ" ಅಂದಾಗಲೂ ಇದನ್ನೇ ಕೇಳಿಕೊಳ್ಳಿ: ಹತ್ತೂ ಎಷ್ಟು ದಿನದಲ್ಲಿ ಹೋಗುತ್ತವೆ?

## ಹಂತ 7: ವರ್ಷದ ಏರಿಳಿತಕ್ಕೆ ಮೊದಲೇ ರೊಕ್ಕ ತೆಗೆದಿಡಿ

ಒಂದು ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆಯಿರಿ. ಪ್ರತಿ ತಿಂಗಳ ಕೆಳಗೆ ಬರುವುದು ಎಷ್ಟು, ಹೋಗುವುದು ಎಷ್ಟು ಅಂತ ಅಂದಾಜು ಹಾಕಿ. ನಮ್ಮ ಕಡೆ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಅದರ ಆಸುಪಾಸಿನಲ್ಲೇ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮ. ಏಪ್ರಿಲ್, ಮೇ ಲಗ್ನದ ತಿಂಗಳು. ಮಿರಗದ (ಮೃಗಶಿರಾ) ಮಳೆ ಬಂತೆಂದರೆ ರೈತರ ಹಣವೆಲ್ಲ ಬೀಜ, ಗೊಬ್ಬರಕ್ಕೆ. ಆಷಾಢದಲ್ಲಿ ಲಗ್ನ ಇಲ್ಲ, ಬಟ್ಟೆ ಅಂಗಡಿ ಖಾಲಿ. ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಇನ್ನೊಂದು ತಿಂಗಳು ತಿನ್ನುತ್ತದೆ. ಇದೆಲ್ಲ ಪಂಚಾಂಗದಲ್ಲೇ ಇದೆ. ಆದರೂ ಪ್ರತಿ ವರ್ಷ ಆಷಾಢದಲ್ಲಿ ಬಾಡಿಗೆಗೆ ಕೈಸಾಲ ಮಾಡುತ್ತೇವೆ.

ಜಾತ್ರೆ, ಲಗ್ನದ ತಿಂಗಳ ಲಾಭದಲ್ಲಿ ಎರಡು ತಿಂಗಳ ಬಾಡಿಗೆ, ಪಗಾರ, ಕಂತಿನಷ್ಟು ತೆಗೆದಿಡಿ. ಅದಕ್ಕೆ ಪಿಗ್ಮಿ ಒಳ್ಳೆಯ ದಾರಿ. ಬಡ್ಡಿ ಕಡಿಮೆ, ಆದರೆ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಾರೆ. ಅವಧಿಗೆ ಮುಂಚೆ ತೆಗೆದರೆ ಏನು ಕಳೆಯುತ್ತಾರೆ ಅಂತ ಮೊದಲೇ ಕೇಳಿ. ಪಾಸ್‌ಬುಕ್‌ನಲ್ಲಿ ಬರೆಸದೆ, ರಸೀದಿ ಇಲ್ಲದೆ ಒಂದು ದಿನವೂ ಹಣ ಕೊಡಬೇಡಿ.

ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲೂ, ಇಟ್ಟ ಹಣಕ್ಕೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಊರೂರಿಗೆ ಇರುವ ಪತ್ತಿನ ಸಹಕಾರಿ ಸೊಸೈಟಿಗಳಿಗೆ ಆ ವಿಮೆ ಇಲ್ಲ. ಎರಡೂ ಬೋರ್ಡು ನೋಡಲು ಒಂದೇ ಥರ ಇರುತ್ತವೆ. ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ವರ್ಷದ ಉಳಿತಾಯವನ್ನೆಲ್ಲ ಒಂದೇ ಸೊಸೈಟಿಯಲ್ಲಿ ಇಡಬೇಡಿ. ಭಿಶಿಗೆ (ಮಂದಿ ಸೇರಿ ನಡೆಸುವ ಚೀಟಿಗೆ) ಅಂಗಡಿಯ ಬಂಡವಾಳ ಹಾಕಲೇಬೇಡಿ. ಮನೆಯ ಪಗಾರದಲ್ಲಿ ಹಾಕಿದರೆ ಅದು ನಿಮ್ಮಿಷ್ಟ.

## ಹಂತ 8: ಸಾಲ ತೆಗೆಯುವ ಮುಂಚೆ ಬಡ್ಡಿ ವರ್ಷಕ್ಕೆ ಹಿಡಿಯಿರಿ

"ನೂರಕ್ಕೆ ಮೂರು" ಅಂದರೆ ನಮ್ಮ ಊರಲ್ಲಿ ತಿಂಗಳಿಗೆ ಮೂರು. ವರ್ಷಕ್ಕೆ 36. ದಿನದ ವಸೂಲಿ ಸಾಲ ಇದಕ್ಕಿಂತ ಕಹಿ. 10,000 ಬರೆದು 9,000 ಕೈಗೆ ಕೊಡುತ್ತಾರೆ. ದಿನಕ್ಕೆ 100ರಂತೆ 100 ದಿನ ಕಟ್ಟಬೇಕು. ಸಾವಿರ ರೂಪಾಯಿ ಬಡ್ಡಿ ಅಷ್ಟೇ ಅನಿಸುತ್ತದೆ. ಆದರೆ ದಿನಾ ಸಾಲದ ಅಸಲು ತಿರುಗಿ ಹೋಗುತ್ತಿರುವುದರಿಂದ ನಿಮ್ಮ ಕೈಯಲ್ಲಿ ಸರಾಸರಿ ಇದ್ದದ್ದು 4,500ರ ಆಸುಪಾಸು ಮಾತ್ರ. ವರ್ಷಕ್ಕೆ ಹಿಡಿದರೆ ನೂರಕ್ಕೆ 75ರ ಮೇಲೆ ಬಡ್ಡಿ. ರೊಟ್ಟಿಯ 84 ಪೈಸೆಯಲ್ಲಿ ಇದನ್ನು ಯಾರು ಕಟ್ಟಬಲ್ಲರು?

ಮುದ್ರಾ ಯೋಜನೆಯಲ್ಲಿ 50,000ವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್ ಸಾಲ ಇದೆ. ಅಡವು ಇಡಬೇಕಿಲ್ಲ. ಬ್ಯಾಂಕಿನವರು ಕೇಳುವುದು ನಿಮ್ಮ ವ್ಯಾಪಾರದ ದಾಖಲೆ. ಆರು ತಿಂಗಳ ಕೀರ್ದಿ, ಅಂಗಡಿ ಖಾತೆಯ ಸ್ಟೇಟ್‌ಮೆಂಟ್, ಉದ್ಯಮ್ ಪ್ರಮಾಣಪತ್ರ ಇದ್ದರೆ ಮಾತು ಸುಲಭ. ಒಂದು ಮತ್ತು ಎರಡನೇ ಹಂತದ ಕೆಲಸ ಇಲ್ಲಿ ಫಲ ಕೊಡುತ್ತದೆ.

ಸಾಲ ಯಾಕೆ ಅನ್ನುವುದೂ ಮುಖ್ಯ. ಒಲೆ, ಯಂತ್ರ, ಓಡುವ ಮಾಲಿಗೆ ಸರಿ. ಉದ್ರಿಯಲ್ಲಿ ಸಿಕ್ಕಿಕೊಂಡ ಹಣದ ಬದಲಿಗೆ, ಹಳೆಯ ಸಾಲದ ಕಂತು ಕಟ್ಟಲು ಹೊಸ ಸಾಲ ಬೇಡ. ಮನೆಗೆ ಬಂದು ಬೆದರಿಸುವ ವಸೂಲಿಗಾರರ ವಿರುದ್ಧ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ. ಹಾಗೇನಾದರೂ ಆದರೆ ಮರ್ಯಾದೆಗೆ ಹೆದರಿ ಸುಮ್ಮನಿರಬೇಡಿ, ಪೊಲೀಸ್ ಠಾಣೆಗೆ ಹೋಗಿ.

## ಹಂತ 9: ತೆರಿಗೆಯ ಗೆರೆ ಗೊತ್ತಿರಲಿ

ಮಾಲು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆ ಕೊಡುವವರಿಗೆ 20 ಲಕ್ಷ. ಖಾನಾವಳಿ, ಹೋಟೆಲ್ ಸೇವೆಯಲ್ಲಿ ಬರುತ್ತದೆ. ಇಲ್ಲಿ ಹಿಡಿಯುವುದು ಲಾಭ ಅಲ್ಲ, ಒಟ್ಟು ವಹಿವಾಟು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಹಾಕಿದರು. ಅದರಿಂದ ಏನೂ ಬಗೆಹರಿಯುವುದಿಲ್ಲ. ನಗದಿನಲ್ಲಿ ಬಂದದ್ದೂ ವಹಿವಾಟೇ. ಮನೆಯ ಹಣ, ಕೈಗಡ, ವ್ಯಾಪಾರದ ಹಣ ಒಂದೇ ಖಾತೆಯಲ್ಲಿ ಕಲೆತಿದ್ದರೆ ಯಾವುದು ಮಾರಾಟ ಅಂತ ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಪ್ರತಿ ತಿಂಗಳು ಏಪ್ರಿಲ್‌ನಿಂದ ಇಲ್ಲಿವರೆಗಿನ ಒಟ್ಟು ಮಾರಾಟ ಕೂಡಿ ಬರೆಯಿರಿ. ಮಾಲು ಮಾರುವವರು 30 ಲಕ್ಷ ಮುಟ್ಟಿದಾಗಲೇ, ಸೇವೆ ಕೊಡುವವರು 20 ಲಕ್ಷ ಮುಟ್ಟುವ ಮುಂಚೆಯೇ ತೆರಿಗೆ ಸಲಹೆಗಾರರನ್ನು ಕಾಣಿ.

## ಹಂತ 10: ತಿಂಗಳಿಗೊಂದು ಹಾಳೆ

ತಿಂಗಳ ಕೊನೆಯ ದಿನ ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ಒಟ್ಟು ಮಾರಾಟ, ಮಾರಿದ ಮಾಲಿನ ಅಸಲು, ತಿಂಗಳ ಖರ್ಚು, ನಿಮ್ಮ ಪಗಾರ, ಉಳಿದ ಲಾಭ. ಅದರ ಕೆಳಗೆ ಗಲ್ಲಾ ಮತ್ತು ಬ್ಯಾಂಕಿನ ಶಿಲ್ಕು, ಬರಬೇಕಾದ ಉದ್ರಿ, ಕೊಡಬೇಕಾದ ಬಾಕಿ. ಹಾಳೆಗಳನ್ನು ಒಂದರ ಹಿಂದೆ ಒಂದು ಸಿಕ್ಕಿಸಿಡಿ.

ಲಾಭ ಇದ್ದೂ ಶಿಲ್ಕು ಇಳಿದಿದ್ದರೆ ಗಾಬರಿ ಬೇಡ. ಆ ರೊಕ್ಕ ಉದ್ರಿಯಲ್ಲೋ, ಕಪಾಟಿನ ಮಾಲಿನಲ್ಲೋ, ಸಾಲದ ಅಸಲಿಗೋ, ಮನೆಗೋ ಹೋಗಿರುತ್ತದೆ. ನಾಲ್ಕನ್ನೂ ಹಿಂದಿನ ತಿಂಗಳ ಜೊತೆ ಹೋಲಿಸಿ, ಸಿಗುತ್ತದೆ.

ಕೆಲವು ಗುರುತು ಕಂಡರೆ ಕೂಡಲೇ ಕೂತು ನೋಡಬೇಕು. ಮಾರಾಟ ಏರುತ್ತಿದೆ, ಹೋಲ್‌ಸೇಲ್‌ನವರ ಬಾಕಿಯೂ ಏರುತ್ತಿದೆ. ಇವತ್ತಿನ ಮುಂಗಡದಲ್ಲಿ ನಿನ್ನೆಯ ಆರ್ಡರ್‌ನ ಮಾಲು ತರುತ್ತಿದ್ದೀರಿ. ಎರಡು ವಾರ ನಿಮ್ಮ ಪಗಾರ ತೆಗೆದಿಲ್ಲ. ಕೆಲಸದವರ ಪಗಾರಕ್ಕೆ ಪಿಗ್ಮಿ ಮುರಿದಿದ್ದೀರಿ. ಇನ್ನೂ ಒಂದಿದೆ: ಕೀರ್ದಿ ತೆರೆಯಲು ಮನಸ್ಸು ಬರುತ್ತಿಲ್ಲ. ನನ್ನ ಅನುಭವದಲ್ಲಿ ಉಳಿದೆಲ್ಲಕ್ಕಿಂತ ಮುಂಚೆ ಕಾಣುವ ಗುರುತು ಇದು. ನಮ್ಮ ತಂದೆಯವರ ಕೀರ್ದಿಯಲ್ಲಿ ಅಂಗಡಿ ಮುಚ್ಚುವ ಏಳು ತಿಂಗಳ ಹಿಂದಿನಿಂದಲೇ ಪುಟಗಳು ಖಾಲಿ ಇವೆ.

ಹಾಗೆ ಬಿಟ್ಟು ಹೋಗಿದ್ದರೆ ಹಿಂದಿನ ಪುಟ ತುಂಬಲು ಕೂರಬೇಡಿ. ಇವತ್ತು ರಾತ್ರಿ ಗಲ್ಲಾ ಎಣಿಸಿ, ಆ ಮೊತ್ತವನ್ನೇ ಶಿಲ್ಕು ಅಂತ ಬರೆದು ನಾಳೆಯ ತಾರೀಖಿನಿಂದ ಮತ್ತೆ ಶುರು ಮಾಡಿ.